ಪದವಿಯ ಮರುದಿನ ಮುಚ್ಚುವ ಗ್ರಂಥಭಂಡಾರ

(ಶ್ರುತಪಂಚಮಿಯ ನಿಮಿತ್ತ ಮುಂಬಯಿಯ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಜ್ಯೇಷ್ಠ ಶುಕ್ಲ ಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರಗೆ ತೆಗೆಯುತ್ತಾರೆ. ಸುತ್ತಿದ ವಸ್ತ್ರವನ್ನು ಬಿಚ್ಚಿ, ಧೂಳು ಒರೆಸಿ, ಪೂಜೆ ಸಲ್ಲಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ ಮತ್ತೆ ಪೆಟ್ಟಿಗೆಯೊಳಗೆ ಇಡುತ್ತಾರೆ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕೆ ಇಳಿಸಿ ಮುಗಿಸಿದ ದಿನವೆಂದು ಈ ಪಂಚಮಿಗೆ ಮಹತ್ತ್ವ ಬಂದಿದೆ. ಕೇಳಿ ಉಳಿದಿದ್ದ ಶ್ರುತವು ಸ್ಮೃತಿಯಿಂದ ಜಾರಿಹೋದೀತೆಂಬ ಭಯದಿಂದ ಅದನ್ನು ಬರೆದರು. ಬರೆದದ್ದು ಓದುವವರಿಗಾಗಿ. ಹೀಗಿರುವಾಗ ವರ್ಷಕ್ಕೊಮ್ಮೆ ತೆರೆದು ಅಂದೇ ಮುಚ್ಚುವ ಪೆಟ್ಟಿಗೆಯ ಮುಂದೆ ನಿಂತು, ಇದನ್ನು ಓದುವವರು ಯಾರು ಎಂದು ಕೇಳುವುದು ಅವಿನಯವಾಗಲಾರದು.

ಈ ದಿನದ ವಿಷಯ ಓಲೆಗರಿಯದಲ್ಲ. ಕಾಲೇಜಿನಿಂದ ಹೊರಬಿದ್ದ ಯುವಕ ಯುವತಿಯರ ಓದಿನದು. ಆದರೆ ಪೆಟ್ಟಿಗೆಯ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಮುಂಬಯಿಯ ಉಪನಗರವೊಂದರಲ್ಲಿ ಬೆಳೆದ ಕನ್ನಡ ಜೈನ ಕುಟುಂಬದ ಒಬ್ಬ ಮಗಳನ್ನು ಕಲ್ಪಿಸಿಕೊಳ್ಳಬಹುದು. ಆಕೆ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಓದುತ್ತಾಳೆ. ಎರಡು ವರ್ಷಗಳ ಕಾಲ ಜಗತ್ತಿನ ಯಾವ ಸಂಶೋಧನಾ ಪತ್ರಿಕೆಯ ಹೆಸರನ್ನು ಒತ್ತಿದರೂ ಲೇಖನ ಕಣ್ಣೆದುರು ತೆರೆಯುತ್ತದೆ. ಅದಕ್ಕೆ ಹಣ ಕೊಟ್ಟವರು ಯಾರು, ಎಷ್ಟು ಕೊಟ್ಟರು ಎಂಬುದು ಅವಳಿಗೆ ತಿಳಿದಿರುವುದಿಲ್ಲ. ತಿಳಿಯುವ ಅಗತ್ಯವೂ ಬೀಳುವುದಿಲ್ಲ. ಫಲಿತಾಂಶ ಬರುತ್ತದೆ. ಕೆಲವು ತಿಂಗಳಲ್ಲಿ ವಿದ್ಯಾರ್ಥಿ ಸಂಖ್ಯೆ ರದ್ದಾಗುತ್ತದೆ, ಪಾಸ್‌ವರ್ಡ್ ನಿಲ್ಲುತ್ತದೆ. ಉದ್ಯೋಗ, ಮದುವೆ, ಪುಣೆಗೆ ವಾಸ್ತವ್ಯ, ಮಗು. ಐದಾರು ವರ್ಷಗಳ ಅನಂತರ ಪಿಎಚ್.ಡಿ. ಮಾಡುವ ಹಂಬಲ ಮತ್ತೆ ಚಿಗುರುತ್ತದೆ. ಪ್ರವೇಶಕ್ಕೆ ಸಂಶೋಧನಾ ಪ್ರಸ್ತಾವ ಬರೆಯಬೇಕು. ಹಳೆಯ ಅಭ್ಯಾಸದಂತೆ ಲೇಖನದ ಹೆಸರನ್ನು ಒತ್ತಿದರೆ ಸಾರಾಂಶ ಮಾತ್ರ ಕಾಣುತ್ತದೆ. ಅದರ ಕೆಳಗೆ ಮೂವತ್ತೋ ನಲವತ್ತೋ ಡಾಲರಿನ ಬೆಲೆ. ರೂಪಾಯಿಯಲ್ಲಿ ಸುಮಾರು ಮೂರು ಸಾವಿರ. ಒಂದು ಪ್ರಸ್ತಾವಕ್ಕೆ ಇಂಥ ನಲವತ್ತು ಲೇಖನಗಳನ್ನಾದರೂ ನೋಡಬೇಕಾಗುತ್ತದೆ.

ಈ ಘಟ್ಟದಲ್ಲಿ ಆಕೆ ಯಾರ ಮೇಲೂ ದೂರು ಹೇಳುವುದಿಲ್ಲ. ಇನ್ನು ಇದು ತನಗಲ್ಲ ಎಂದು ಸುಮ್ಮನಾಗುತ್ತಾಳೆ. ಇದೇ ಹೆಚ್ಚು ನೋವಿನ ಸಂಗತಿ. ಗಂಡುಮಕ್ಕಳಿಗೂ ಇದೇ ಬಾಗಿಲು ಮುಚ್ಚುತ್ತದೆ. ಆದರೆ ಓದು ನಡುವೆ ನಿಂತು ವರ್ಷಗಳ ಮೇಲೆ ಮತ್ತೆ ಆರಂಭವಾಗುವುದು ಹೆಣ್ಣುಮಕ್ಕಳ ಬಾಳಿನಲ್ಲಿಯೇ ಹೆಚ್ಚು. ಸಣ್ಣ ಊರಿನಲ್ಲಿ ಸ್ವಂತ ದವಾಖಾನೆ ನಡೆಸುವ ವೈದ್ಯ, ನಿವೃತ್ತಿಯ ನಂತರ ಶಾಸನಗಳ ಅಧ್ಯಯನಕ್ಕೆ ಕುಳಿತ ಬ್ಯಾಂಕ್ ಅಧಿಕಾರಿ, ಮಗುವಿನ ಅಪರೂಪದ ಕಾಯಿಲೆಯ ಬಗ್ಗೆ ತಾವೇ ಓದಿ ತಿಳಿಯಬೇಕೆನ್ನುವ ತಂದೆತಾಯಿ, ಇವರೆಲ್ಲರೂ ಇದೇ ಸಾಲಿನಲ್ಲಿ ನಿಂತಿದ್ದಾರೆ. ಪದವಿಯೆಂಬುದು ಓದಿಗೆ ಯೋಗ್ಯತೆ ಕೊಡುವ ಪತ್ರವೆಂದು ಹೇಳುತ್ತಾರೆ. ಆ ಪತ್ರ ಕೈಗೆ ಬಂದ ದಿನವೇ ಗ್ರಂಥಭಂಡಾರದ ಬೀಗ ಬೀಳುತ್ತದೆ.

ಬೀಗದ ಮಾತು ಬಂದಾಗ ಜೈನ ಸಮಾಜವು ತನ್ನ ಚರಿತ್ರೆಯನ್ನು ನೋಡಿಕೊಳ್ಳಬೇಕು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಪ್ರತಿ ವೇದಿಕೆಯಲ್ಲಿಯೂ ಹೇಳಲಾಗುತ್ತದೆ. ಅದು ಹತ್ತನೆಯ ಶತಮಾನದ ಮಾತು. ಅದಕ್ಕಿಂತ ತೀರ ಈಚಿನ ಇನ್ನೊಂದು ಕಥೆಯಿದೆ. ವೇದಿಕೆಗಳಲ್ಲಿ ಅದನ್ನು ಹೇಳುವುದು ಕಡಿಮೆ.

ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಪ್ರತಿಗಳು ಉಳಿದಿದ್ದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ, ಹಳೆಯ ಕನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರಿಗೆ ಅವುಗಳ ದರ್ಶನವಿತ್ತು, ಓದು ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಹೋಗಿ ಅವುಗಳ ಸ್ಥಿತಿಯನ್ನು ಕಂಡು ಕಳವಳಗೊಂಡರು. ಸೊಲ್ಲಾಪುರದ ಹಿರಾಚಂದ ನೇಮಚಂದರೊಡನೆ ಸೇರಿ ಪ್ರತಿ ಮಾಡಿಸುವ ಏರ್ಪಾಡು ನಡೆಸಿದರು. 1896ರ ಸುಮಾರಿಗೆ ಆರಂಭವಾದ ಪ್ರತಿಲೇಖನದ ಕೆಲಸ ಎಳೆದು ಎಳೆದು 1922ರವರೆಗೆ ಸಾಗಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದ್ದರು. ಆದರೆ ಷರತ್ತೊಂದಿತ್ತು: ಬರೆದ ಪ್ರತಿಯೂ ಮೂಡುಬಿದಿರೆಯಲ್ಲಿಯೇ ಉಳಿಯಬೇಕು, ಹೊರಗೆ ಹೋಗಕೂಡದು.

ಗಜಪತಿ ಉಪಾಧ್ಯಾಯರು ಷರತ್ತನ್ನು ಮೀರಿದರು. ಹಗಲು ಬಸದಿಗಾಗಿ ಬರೆಯುತ್ತ, ಮನೆಯಲ್ಲಿ ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಆ ಪ್ರತಿಗೆ ಸೊಲ್ಲಾಪುರದಲ್ಲಿ ಆಶ್ರಯ ಸಿಗಲಿಲ್ಲ. ಕೊಟ್ಟ ಮಾತಿಗೆ ವಿರುದ್ಧವಾಗಿ ಬಂದ ವಸ್ತುವನ್ನು ಇರಿಸಿಕೊಳ್ಳಲು ಹಿರಾಚಂದರು ಒಪ್ಪಲಿಲ್ಲ. ಕೊನೆಗೆ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದುಕೊಂಡರು. ಅಲ್ಲಿ ಅದು ನಾಗರಿಗೆ ಇಳಿಯಿತು. ಹಾಗೆ ಇಳಿಸಲು ಬಂದಿದ್ದ ಲಿಪಿಕಾರರ ಕೈಯಿಂದ ಮತ್ತೊಂದು ಪ್ರತಿ ಹೊರಬಿದ್ದು, ಅದರಿಂದ ಆರಾ, ಕಾರಂಜಾ, ಸಾಗರ ಮುಂತಾದ ಊರುಗಳಿಗೆ ಹರಡಿತು. ಆ ಪ್ರತಿಗಳನ್ನು ಆಧರಿಸಿ ಪ್ರೊ. ಹೀರಾಲಾಲ ಜೈನರು ಅಮರಾವತಿಯಿಂದ 1939ರಲ್ಲಿ ಧವಲಾದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಒಟ್ಟು 16 ಸಂಪುಟಗಳು ಬಂದವು. ಮುಂದೆ ಮೂಡುಬಿದಿರೆಯವರೇ ಮೂಲ ಓಲೆಗಳೊಡನೆ ಪಾಠವನ್ನು ತಾಳೆ ನೋಡಲು ಸಹಕರಿಸಿದರೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಬೀಗ ಹಾಕಿದವರ ದೃಷ್ಟಿಯೂ ಕೇವಲ ಮತ್ಸರದ್ದಲ್ಲ. ಆಳುವವರು ಬದಲಾದ, ದಾಳಿಗಳು ನಡೆದ ಕಾಲಗಳನ್ನು ದಾಟಿ ಆ ಓಲೆಗಳು ಉಳಿದುಬಂದದ್ದು ಆ ಬೀಗದಿಂದಲೇ. ಕಾಪಾಡಿದ ಬೀಗವೇ ಒಂದು ದಿನ ತಡೆಯಾಯಿತು, ಅಷ್ಟೆ.

ತತ್ತ್ವಾರ್ಥಸೂತ್ರವು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು: ತಿಳಿದದ್ದನ್ನು ತಿಳಿಯದೆಂದು ಬಚ್ಚಿಡುವ ನಿಹ್ನವ, ಯೋಗ್ಯನಾದವನಿಗೂ ಕೊಡದಿರುವ ಮಾತ್ಸರ್ಯ, ಇನ್ನೊಬ್ಬರ ಜ್ಞಾನಾರ್ಜನೆಗೆ ಅಡ್ಡಿಯಾಗುವ ಅಂತರಾಯ. ಇವನ್ನು ಪಾಠಶಾಲೆಯಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಗ್ರಂಥಾಲಯದ ಬಾಗಿಲಿಗೂ, ಸರ್ಕಾರದ ನೀತಿಗೂ ಇವನ್ನು ಅನ್ವಯಿಸಿ ನೋಡುವುದಿಲ್ಲ.

ನೀತಿಯ ವಿಷಯಕ್ಕೇ ಬರುವುದಾದರೆ, ಕೇಂದ್ರ ಸಂಪುಟವು 2024ರ ನವೆಂಬರ್ 25ರಂದು ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಸಂಶೋಧನಾ ಪತ್ರಿಕೆಗಳು. 6,300ಕ್ಕೂ ಹೆಚ್ಚು ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ಇದರ ನಿರ್ವಹಣೆ ನೋಡುತ್ತದೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಸಂಸ್ಥೆಯ ವಿದ್ಯಾರ್ಥಿಗೂ ಒಂದೇ ಭಂಡಾರ ದೊರೆಯಿತು. ಇದು ಒಳ್ಳೆಯ ಕೆಲಸ. ಯಾವ ಪಕ್ಷದ ಸರ್ಕಾರ ಮಾಡಿದರೂ ಒಳ್ಳೆಯದೆಂದೇ ಹೇಳಬೇಕು.

ಆದರೆ 2020ರ ಕೊನೆಯಲ್ಲಿ ಹೊರಬಂದ ವಿಜ್ಞಾನ, ತಂತ್ರಜ್ಞಾನ ಮತ್ತು ನಾವೀನ್ಯ ನೀತಿಯ ಕರಡು ಹೇಳಿದ್ದು ಇಷ್ಟನ್ನಲ್ಲ. ಸರ್ಕಾರವು ಪ್ರಕಾಶಕರಿಗೆ ಒಂದೇ ಗಂಟಿನಲ್ಲಿ ಹಣ ತೆತ್ತು, ಭಾರತದ ಪ್ರತಿಯೊಬ್ಬ ವ್ಯಕ್ತಿಗೂ ಸಂಶೋಧನಾ ಲೇಖನಗಳನ್ನು ತೆರೆದುಕೊಡುವುದು ಅಲ್ಲಿಯ ಆಶಯ. ಜಾರಿಗೆ ಬರುವಾಗ ‘ಪ್ರತಿಯೊಬ್ಬ ವ್ಯಕ್ತಿ’ ಹೋಗಿ ‘ಸರ್ಕಾರಿ ಸಂಸ್ಥೆಯ ಸದಸ್ಯ’ ಉಳಿದ. ತೆರಿಗೆ ಕಟ್ಟುವುದು ಪದವಿ ಮುಗಿಸಿ ದುಡಿಮೆಗೆ ಇಳಿದವನು. ಆ ತೆರಿಗೆಯಿಂದ ಕೊಂಡ ಲೇಖನವನ್ನು ಓದುವ ಹಕ್ಕು ಮಾತ್ರ ಅವನಿಗಿಲ್ಲ. ಇನ್ನೂ ಒಂದು ಸಂಗತಿ ಈ ಸಮಾಜಕ್ಕೆ ನೇರವಾಗಿ ತಟ್ಟುತ್ತದೆ. ಯೋಜನೆಯ ಮೊದಲ ಹಂತದಲ್ಲಿ ಖಾಸಗಿ ಸಂಸ್ಥೆಗಳು ಸೇರಿಲ್ಲ. 2014ರ ಜನವರಿಯಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆತಾಗ, ಸ್ವಂತ ಕಾಲೇಜುಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಭದ್ರವಾಯಿತೆಂದು ಸಂತೋಷಪಟ್ಟವರು ಅನೇಕರು. ಆ ಕಾಲೇಜುಗಳ ಮಕ್ಕಳಿಗೆ ಈ ಭಂಡಾರದ ಬಾಗಿಲು ಓದುವ ಕಾಲದಲ್ಲಿಯೂ ತೆರೆಯಲಿಲ್ಲ. ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕಾಗಿ ದೆಹಲಿಗೆ ನಿಯೋಗ ಕೊಂಡೊಯ್ಯುವ ಮುಖಂಡರು ಇದನ್ನು ಒಂದು ಬೇಡಿಕೆಯಾಗಿ ಮಂಡಿಸಿದ್ದು ಯಾರ ಕಿವಿಗೂ ಬಿದ್ದಂತಿಲ್ಲ. ಪ್ರತಿ ಜಿಲ್ಲೆಯ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಾದರೂ ನಾಗರಿಕನು ಕುಳಿತು ಈ ಪತ್ರಿಕೆಗಳನ್ನು ಓದುವಂತಾಗಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ. ಕಟ್ಟಡವಿದೆ, ಗಣಕಯಂತ್ರವಿದೆ, ಚಂದಾ ಹಣವೂ ಸಂದಾಗಿದೆ.

ಇಲ್ಲಿ ಯುವಕರು ಒಂದು ಮಾತನ್ನು ಮೆಲ್ಲಗೆ ಹೇಳುತ್ತಾರೆ: ಇಷ್ಟೆಲ್ಲ ಏಕೆ, ಬೇಕಾದ ಲೇಖನವನ್ನು ಪುಕ್ಕಟೆಯಾಗಿ ಇಳಿಸಿಕೊಡುವ ತಾಣಗಳಿವೆಯಲ್ಲ. ಇವೆ. ಸೈ-ಹಬ್ ಎಂಬುದರ ವಿರುದ್ಧ ಮೂರು ವಿದೇಶಿ ಪ್ರಕಾಶನ ಸಂಸ್ಥೆಗಳು 2020ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದವು. 2025ರ ಆಗಸ್ಟ್‌ನಲ್ಲಿ ಅದನ್ನು ದೇಶದಲ್ಲಿ ತಡೆಹಿಡಿಯಬೇಕೆಂದು ಆದೇಶವಾಯಿತು. ಅಚೌರ್ಯಾಣುವ್ರತವನ್ನು ಸ್ವೀಕರಿಸಿದ ಶ್ರಾವಕನಿಗೆ ನ್ಯಾಯಾಲಯಕ್ಕಿಂತ ಮೊದಲೇ ಶಾಸ್ತ್ರ ಎಚ್ಚರಿಸಿದೆ. ಕಳ್ಳನು ತಂದದ್ದನ್ನು ಕೊಳ್ಳುವ ತದಾಹೃತಾದಾನವೂ ರಾಜನಿಯಮವನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಆ ವ್ರತದ ಅತಿಚಾರಗಳೇ. ಸೊಲ್ಲಾಪುರದ ಹಿರಾಚಂದರು ಗಜಪತಿ ಉಪಾಧ್ಯಾಯರ ಪ್ರತಿಯನ್ನು ಹಿಂದಿರುಗಿಸಿದ್ದರ ಹಿಂದೆ ಇದ್ದ ವಿವೇಕವೂ ಇದೇ.

ಆದರೂ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಸಂಶೋಧನೆಗೆ ಹಣ ಕೊಟ್ಟದ್ದು ಬಹುಮಟ್ಟಿಗೆ ಸರ್ಕಾರ. ಲೇಖನ ಬರೆದ ವಿದ್ವಾಂಸನಿಗೆ ಪತ್ರಿಕೆಯಿಂದ ಸಂಭಾವನೆ ಇಲ್ಲ, ಪರಿಶೀಲಿಸಿದವನಿಗೂ ಇಲ್ಲ. ಅದನ್ನು ಅಚ್ಚುಕಟ್ಟು ಮಾಡಿ ಮೂರು ಸಾವಿರಕ್ಕೆ ಮಾರುವವನ ವ್ಯವಹಾರ ಕಾನೂನುಬದ್ಧವಾದದ್ದು. ಧರ್ಮಸಮ್ಮತವೇ ಎಂಬುದು ಬೇರೆ ಮಾತು. ಗಜಪತಿ ದಂಪತಿಗಳು ಮಾತು ಮುರಿಯದೆ ಇದ್ದಿದ್ದರೆ ಧವಲಾದ ಮುದ್ರಣ ಇನ್ನೆಷ್ಟು ದಶಕ ತಡವಾಗುತ್ತಿತ್ತೋ ಊಹಿಸಲಾಗದು. ಅವರನ್ನು ಕಳ್ಳರೆಂದು ಕರೆಯುವ ಧೈರ್ಯ ಇಂದು ಯಾವ ಪಂಡಿತನಿಗೂ ಬಾರದು. ಹಾಗೆಂದು ಅವರ ಉದಾಹರಣೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಅನುಕೂಲಕ್ಕೆ ತಕ್ಕ ಪ್ರಮಾಣವೆಂದು ಎತ್ತಿಕೊಳ್ಳುವುದೂ ಸಲ್ಲದು. ಅವರಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಮುಚ್ಚಿತ್ತು. ಇಂದಿನ ಓದುಗನಿಗೆ ನ್ಯಾಯವಾದ ಬಾಗಿಲುಗಳು ಹಲವಿವೆ. ಅವುಗಳ ಪರಿಚಯ ಅವನಿಗಿಲ್ಲ. ಆ ಪರಿಚಯಕ್ಕಾಗಿಯೇ ಈ ಉಪನ್ಯಾಸದ ಉಳಿದ ಭಾಗ.

ಅತ್ಯಂತ ಸರಳವಾದದ್ದು ಲೇಖಕರಿಗೇ ಪತ್ರ ಬರೆಯುವುದು. ಸಾರಾಂಶದ ಪುಟದಲ್ಲಿ ಲೇಖಕರ ಇ-ಮೇಲ್ ವಿಳಾಸ ಸಾಮಾನ್ಯವಾಗಿ ಇರುತ್ತದೆ. ತಾನು ಯಾರು, ಏಕೆ ಓದಬೇಕಾಗಿದೆ ಎಂದು ಎರಡು ಸಾಲು ವಿನಯದಿಂದ ಬರೆದರೆ ಬಹುಮಂದಿ ವಿದ್ವಾಂಸರು ಸಂತೋಷದಿಂದ ಪ್ರತಿ ಕಳಿಸುತ್ತಾರೆ; ತಮ್ಮ ಲೇಖನವನ್ನು ಓದಲು ಬಯಸುವವರು ಇದ್ದಾರೆಂಬುದೇ ಅವರಿಗೆ ಹಿಗ್ಗು. ಅನೇಕರು ಅಚ್ಚಿಗೆ ಮುಂಚಿನ ಪ್ರತಿಯನ್ನು ತಮ್ಮ ವಿಶ್ವವಿದ್ಯಾಲಯದ ತಾಣದಲ್ಲಿ ಮುಕ್ತವಾಗಿ ಇಟ್ಟಿರುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಕೆಳಗೆ ಕಾಣುವ ಇತರ ಆವೃತ್ತಿಗಳನ್ನು ನೋಡಿದರೆ, ಅಥವಾ ಅನ್‌ಪೇವಾಲ್ ಎಂಬ ಉಚಿತ ಸಾಧನವನ್ನು ಅಳವಡಿಸಿಕೊಂಡರೆ, ಅಂಥ ನ್ಯಾಯಬದ್ಧ ಪ್ರತಿ ಎಲ್ಲಿದೆಯೆಂದು ತಿಳಿಯುತ್ತದೆ. ವೈದ್ಯಕೀಯದವರಿಗೆ ಪಬ್‌ಮೆಡ್ ಸೆಂಟ್ರಲ್, ಭೌತಶಾಸ್ತ್ರ ಗಣಿತದವರಿಗೆ ಆರ್‌ಕೈವ್ ಇವೆ. ಅವರು ಇವನ್ನು ಬಲ್ಲರು, ವಿವರಿಸಬೇಕಾಗಿಲ್ಲ.

ಚರಿತ್ರೆ, ಸಾಹಿತ್ಯ, ಧರ್ಮ, ಸಮಾಜಶಾಸ್ತ್ರ ಓದುವವರಿಗೆ ಜೆಸ್ಟೋರ್ ಮುಖ್ಯ. ಯಾವ ಸಂಸ್ಥೆಯ ಸದಸ್ಯತ್ವವೂ ಇಲ್ಲದೆ ಸ್ವಂತ ಹೆಸರಿನಲ್ಲಿ ಉಚಿತ ಖಾತೆ ತೆರೆದವರು ಅಲ್ಲಿ ಮೂವತ್ತು ದಿನಗಳಿಗೆ ನೂರು ಲೇಖನಗಳನ್ನು ಓದಬಹುದು; ಇಳಿಸಿಕೊಳ್ಳಲಾಗದು, ಪರದೆಯ ಮೇಲೆ ಓದಬಹುದು. ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ತಾಣದಲ್ಲಿ ಲಕ್ಷಗಟ್ಟಲೆ ಇವೆ, ಯಾರೂ ಓದಬಹುದು. ಕನ್ನಡ ಜೈನ ಸಾಹಿತ್ಯದ ಮೇಲೆ ಧಾರವಾಡ, ಮೈಸೂರು, ಕಲಬುರಗಿಗಳಲ್ಲಿ ಬರೆದ ಪ್ರಬಂಧಗಳನ್ನು ದೆಹಲಿಯ ಮನೆಯಲ್ಲಿ ಕುಳಿತು ನೋಡುವ ಅವಕಾಶ ಹಿಂದಿನ ತಲೆಮಾರಿನ ಯಾವ ವಿದ್ವಾಂಸನಿಗೂ ಇರಲಿಲ್ಲ. ಖರಗಪುರದ ಐಐಟಿ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಯಾವ ನಾಗರಿಕನೂ ಹೆಸರು ನೋಂದಾಯಿಸಿಕೊಳ್ಳಬಹುದು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳಿವೆ. ಜೈನ ಇ-ಲೈಬ್ರರಿಯಲ್ಲಿ ಪ್ರಾಕೃತ, ಸಂಸ್ಕೃತ, ಹಿಂದಿ, ಗುಜರಾತಿ ಗ್ರಂಥಗಳು ಹೇರಳ; ಕನ್ನಡದ ಕಪಾಟು ಮಾತ್ರ ಅವುಗಳ ಮುಂದೆ ತೀರ ಚಿಕ್ಕದು. ಅದನ್ನು ತುಂಬುವ ಹೊಣೆ ಗುಜರಾತಿನವರದಲ್ಲ.

ಹೆಚ್ಚು ಜನರಿಗೆ ತಿಳಿಯದ ದಾರಿಯೊಂದಿದೆ. ವಿಕಿಪೀಡಿಯದಲ್ಲಿ ಆರು ತಿಂಗಳ ಹಳೆಯ ಖಾತೆಯಿದ್ದು, ಒಟ್ಟು ಐದುನೂರು ಸಂಪಾದನೆಗಳನ್ನು ಮಾಡಿ, ಈಚಿನ ಒಂದು ತಿಂಗಳಲ್ಲಿ ಹತ್ತು ಸಂಪಾದನೆಗಳನ್ನಾದರೂ ಮಾಡಿದವರಿಗೆ ವಿಕಿಪೀಡಿಯ ಲೈಬ್ರರಿ ತೆರೆಯುತ್ತದೆ. ದೊಡ್ಡ ದೊಡ್ಡ ಪ್ರಕಾಶಕರು ಅದಕ್ಕೆ ತಮ್ಮ ಸಂಗ್ರಹಗಳನ್ನು ಉಚಿತವಾಗಿ ಕೊಟ್ಟಿದ್ದಾರೆ. ಕನ್ನಡ ವಿಕಿಪೀಡಿಯದಲ್ಲಿ ಮಾಡಿದ ಕೆಲಸವೂ ಆ ಲೆಕ್ಕಕ್ಕೆ ಸೇರುತ್ತದೆ. ತಮ್ಮೂರಿನ ಬಸದಿ, ಶಾಸನ, ಕವಿ, ನಿಷಿಧಿಗಲ್ಲುಗಳ ಬಗ್ಗೆ ಆಧಾರಸಹಿತವಾಗಿ ಕನ್ನಡದಲ್ಲಿ ಬರೆಯುತ್ತ ಹೋದ ಯುವತಿಗೆ ಜೀವರಸಾಯನಶಾಸ್ತ್ರದ ಪತ್ರಿಕೆಗಳೂ ತೆರೆಯುವುದೆಂದರೆ, ಕೊಟ್ಟು ಪಡೆಯುವ ಇದಕ್ಕಿಂತ ಚೆನ್ನಾದ ಕ್ರಮ ಬೇರೆಯಿರಲಾರದು.

ಇನ್ನು ಕಾಲಿನಿಂದ ನಡೆದು ಹೋಗಬೇಕಾದ ಗ್ರಂಥಾಲಯಗಳು. ಹೊರನಾಡಿನ ಕನ್ನಡಿಗರು ತಮಗೆ ಪುಸ್ತಕ ಸಿಗುವುದಿಲ್ಲವೆಂದು ಕೊರಗುವುದು ರೂಢಿ. 1954ರ ಪುಸ್ತಕಗಳ ವಿತರಣಾ ಕಾಯಿದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿ ಪುಸ್ತಕದ ಒಂದೊಂದು ಪ್ರತಿ ನಾಲ್ಕು ಗ್ರಂಥಾಲಯಗಳಿಗೆ ಸಲ್ಲಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಒಂದು. ಉಳಿದ ಮೂರು ಎಲ್ಲಿವೆ? ಚೆನ್ನೈಯ ಕನ್ನೆಮಾರಾ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ. ಬೆಂಗಳೂರಿಗೆ ಇಲ್ಲದ ಸೌಭಾಗ್ಯ ಈ ಮೂರು ನಗರಗಳ ಕನ್ನಡಿಗರಿಗಿದೆ. ಪ್ರಕಾಶಕರೆಲ್ಲರೂ ಕಾಯಿದೆ ಪಾಲಿಸುವುದಿಲ್ಲ, ಬಂದ ಪುಸ್ತಕವೆಲ್ಲ ಕೂಡಲೇ ಕಪಾಟಿಗೆ ಏರುವುದೂ ಇಲ್ಲ, ನಿಜ. ಆದರೆ ಕೇಳಿದ ಹೊರತು ಕನ್ನಡ ಪುಸ್ತಕದ ಕಟ್ಟು ಬಿಚ್ಚುವ ಅವಸರ ಯಾವ ಗ್ರಂಥಪಾಲಕನಿಗೂ ಬರುವುದಿಲ್ಲ.

ಪುಣೆಯವರ ಬಳಿ 1917ರಲ್ಲಿ ಸ್ಥಾಪಿತವಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವಿದೆ. ಮುಂಬಯಿ ಪ್ರಾಂತದ ಸರ್ಕಾರಕ್ಕಾಗಿ ಭಾಂಡಾರಕರ, ಪೀಟರ್‌ಸನ್ ಮೊದಲಾದವರು ಸಂಗ್ರಹಿಸಿದ ಜೈನ ಹಸ್ತಪ್ರತಿಗಳು ಅಲ್ಲಿವೆ. ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ ಕನ್ನಡ ಹಸ್ತಪ್ರತಿಗಳಿವೆ, ಮದರಾಸು ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗವಿದೆ. ಹೈದರಾಬಾದಿನ ಅಫ್ಜಲ್‌ಗಂಜಿನ ರಾಜ್ಯ ಕೇಂದ್ರ ಗ್ರಂಥಾಲಯ ನಿಜಾಮರ ಕಾಲದ್ದು, 1891ರಲ್ಲಿ ಆಸಫಿಯಾ ಗ್ರಂಥಾಲಯವೆಂದು ಆರಂಭವಾದದ್ದು. ಸದಲಗದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1935ರಲ್ಲಿ ಪ್ರವಚನಸಾರದಂಥ ಗ್ರಂಥವನ್ನು ಸಂಪಾದಿಸಿದರು. ದೊಡ್ಡ ಭಂಡಾರವು ಮನೆಯ ಪಕ್ಕದಲ್ಲಿರಬೇಕೆಂಬ ನಿಯಮವೇನಿಲ್ಲ.

ತಾನು ಓದಿದ ವಿಶ್ವವಿದ್ಯಾಲಯಕ್ಕೆ ಹಿಂದಿರುಗಿ ವಿಚಾರಿಸುವುದಕ್ಕೆ ಸಂಕೋಚ ಬೇಡ. ಅನೇಕ ಕಡೆ ಹಳೆಯ ವಿದ್ಯಾರ್ಥಿಗಳಿಗೆ ಠೇವಣಿ ಅಥವಾ ವಾರ್ಷಿಕ ಶುಲ್ಕದ ಮೇಲೆ ಓದುವ ಸೌಕರ್ಯವಿದೆ. ಮನೆಯಿಂದ ಲಾಗಿನ್ ಆಗಲು ಬಿಡದ ಪ್ರಕಾಶಕರ ಒಪ್ಪಂದಗಳಲ್ಲಿಯೂ, ಗ್ರಂಥಾಲಯದೊಳಗೆ ಬಂದು ಅಲ್ಲಿಯ ಗಣಕಯಂತ್ರದ ಮುಂದೆ ಕುಳಿತ ಸಂದರ್ಶಕನಿಗೆ ಓದಲು ಅವಕಾಶ ಕೊಡುವ ಅಂಶ ಹಲವು ಬಾರಿ ಇರುತ್ತದೆ. ಕೌಂಟರಿನ ಗುಮಾಸ್ತನಿಗೆ ಅದು ಗೊತ್ತಿರಲಾರದು. ವಿದ್ಯುನ್ಮಾನ ಸಂಪನ್ಮೂಲಗಳನ್ನು ನೋಡಿಕೊಳ್ಳುವ ಗ್ರಂಥಪಾಲಕರನ್ನೇ ಕೇಳಬೇಕು, ಲಿಖಿತವಾಗಿ ಕೇಳಿದರೆ ಇನ್ನೂ ಮೇಲು. ಸ್ವಂತ ಅಧ್ಯಯನಕ್ಕಾಗಿ, ಸಂಶೋಧನೆಗಾಗಿ ಕೃತಿಯೊಂದನ್ನು ನ್ಯಾಯವಾಗಿ ಬಳಸಿಕೊಳ್ಳುವುದನ್ನು 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಒಂದು ಅಧ್ಯಾಯದ ಜೆರಾಕ್ಸ್ ತೆಗೆಸಿಕೊಳ್ಳುವಾಗ ಅಪರಾಧಿಯಂತೆ ತಲೆ ತಗ್ಗಿಸಬೇಕಾಗಿಲ್ಲ.

ಇಷ್ಟು ಓದುಗನು ತಾನೇ ಮಾಡಿಕೊಳ್ಳಬಹುದಾದದ್ದು. ಸಮಾಜದ ಪಾಲಿನದು ಬೇರೆಯಿದೆ.

1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಸುಧಾರಕರು ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ನಡೆಸಿದರು. ಹಳ್ಳಿಯ ಹುಡುಗ ಪಟ್ಟಣದಲ್ಲಿ ಓದುವಾಗ ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು ಎಂಬುದು ಅಂದಿನ ಪ್ರಶ್ನೆ. ಮಾಣಿಕಚಂದರ ಮಗಳು ಮಗನ್‌ಬಾಯಿಯವರು ಮುಂಬಯಿಯಲ್ಲಿ ಶ್ರಾವಿಕಾಶ್ರಮ ತೆರೆದು, ಮನೆಯ ಮೂಲೆಗೆ ಬಿದ್ದಿದ್ದ ವಿಧವೆಯರ ಕೈಗೆ ಪುಸ್ತಕ ಕೊಟ್ಟರು. ಅದೇ ಕಾಲದಲ್ಲಿ, ಶಾಸ್ತ್ರವನ್ನು ಅಚ್ಚು ಹಾಕುವುದೇ ಪಾಪ, ಮುದ್ರಣದ ಸಾಮಗ್ರಿ ಅಶುದ್ಧ ಎಂದು ವಾದಿಸಿದವರೂ ಇದ್ದರು. ಅವರ ಮೊಮ್ಮಕ್ಕಳ ಮನೆಗಳಲ್ಲಿ ಇಂದು ಇರುವುದು ಅಚ್ಚಾದ ಶಾಸ್ತ್ರಗಳೇ. ಊಟ, ವಸತಿ, ಶಾಲೆಯ ಶುಲ್ಕಗಳಿಗೆ ಇಂದು ಸಾಕಷ್ಟು ದತ್ತಿಗಳಿವೆ. ಪದವಿಯವರೆಗೆ ಕೈಹಿಡಿದು ನಡೆಸಿ, ಪದಕ ಹಾಕಿ, ಫೋಟೋ ತೆಗೆಸಿ, ಅಲ್ಲಿಗೆ ಕೈಬಿಡುವುದು ರೂಢಿಯಾಗಿದೆ. ಪದವಿಯ ಅನಂತರದ ಓದಿಗೆ ದತ್ತಿಯಿಲ್ಲ.

ಪಂಚಕಲ್ಯಾಣಗಳಲ್ಲಿ ಕಲಶದ ಬೋಲಿ ಎಷ್ಟು ಲಕ್ಷಕ್ಕೆ ಏರುತ್ತದೆಂಬುದನ್ನು ಈ ಸಭೆಗೆ ಹೇಳಬೇಕಾಗಿಲ್ಲ. ಬಸದಿಯ ಹಣವನ್ನು ಬೇರೆ ಕಾರ್ಯಕ್ಕೆ ತಿರುಗಿಸುವುದು ದೋಷವೆಂದು ಹಿರಿಯರು ಆಕ್ಷೇಪಿಸುತ್ತಾರೆ. ಆಕ್ಷೇಪಕ್ಕೆ ಆಧಾರವಿದೆ, ಗೌರವಿಸಬೇಕು. ತಿರುಗಿಸುವುದು ಬೇಡ. ಆಹಾರ, ಅಭಯ, ಭೈಷಜ್ಯಗಳ ಜೊತೆಗೆ ಶಾಸ್ತ್ರದಾನವೂ ಚತುರ್ವಿಧ ದಾನಗಳಲ್ಲಿ ಒಂದಾಗಿರುವಾಗ, ಶ್ರುತಪಂಚಮಿಯ ದಿನ ಅದಕ್ಕೆಂದೇ ಬೇರೆ ಹುಂಡಿ ಇಡಲು ಯಾರ ಅಡ್ಡಿಯೂ ಇರಲಾರದು. ಆ ನಿಧಿಯಿಂದ ಹಳೆಯ ವಿದ್ಯಾರ್ಥಿಯ ಗ್ರಂಥಾಲಯ ಠೇವಣಿ ಕಟ್ಟಬಹುದು, ಬೇರೆಲ್ಲಿಯೂ ದೊರೆಯದ ಒಂದು ಲೇಖನವನ್ನು ಕೊಂಡುಕೊಡಬಹುದು. ಬಸದಿ ಅಥವಾ ಸಮಾಜಭವನದ ಒಂದು ಕೋಣೆಯನ್ನು ನಿಜವಾದ ಗ್ರಂಥಾಲಯವಾಗಿ ಕಟ್ಟಿದರೆ, ಡೆಲ್‌ನೆಟ್‌ನಂಥ ಗ್ರಂಥಾಲಯ ಜಾಲದ ಸದಸ್ಯತ್ವಕ್ಕೆ ಪ್ರಯತ್ನಿಸಿ ಬೇರೆ ಗ್ರಂಥಾಲಯಗಳಿಂದ ಪುಸ್ತಕ ಎರವಲು ತರಿಸಬಹುದು. ಅಂಥ ಜಾಲಗಳು ಸಂಸ್ಥೆಗಳನ್ನು ಸೇರಿಸಿಕೊಳ್ಳುತ್ತವೆ, ಒಂಟಿ ವ್ಯಕ್ತಿಗಳನ್ನಲ್ಲ. ಪ್ರವಚನ ಮತ್ತು ಹಳದಿ-ಕುಂಕುಮದ ದಿನ ಮಾತ್ರ ತೆರೆಯುವ ಎಷ್ಟೋ ಕೋಣೆಗಳು ಈ ನಗರದಲ್ಲಿಯೇ ಇವೆ. ಸಂಜೆ ಮೂರು ಗಂಟೆಗಳ ಕಾಲ ದೀಪ ಉರಿಸಿ, ಒಳ್ಳೆಯ ಇಂಟರ್‌ನೆಟ್ ಕೊಟ್ಟು, ಮಾಹಿತಿ ಬಲ್ಲ ಒಬ್ಬ ತರುಣನನ್ನು ಗೌರವಧನದ ಮೇಲೆ ಕೂರಿಸಿದರೆ, ಮೂರು ಕೋಣೆಯ ಮನೆಯಲ್ಲಿ ಆರು ಮಂದಿಯ ನಡುವೆ ಓದಲು ಜಾಗವಿಲ್ಲದ ಸೊಸೆ ಅಲ್ಲಿಗೆ ಬಂದಾಳು.

ಮಠಗಳಿಗೂ ಸಂಸ್ಥಾನಗಳಿಗೂ ಒಂದು ಬಿನ್ನಹ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಭಂಡಾರಗಳ ತಾಡವೋಲೆಗಳ ಸೂಚಿಯನ್ನು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಪ್ರಕಟಿಸಿದರು. ಶ್ರವಣಬೆಳಗೊಳದ ಪ್ರಾಕೃತ ಸಂಸ್ಥೆಯು ಧವಲಾವನ್ನು ಕನ್ನಡಕ್ಕೆ ತರುವ ಮಹತ್ಕಾರ್ಯವನ್ನು ಕೈಗೆತ್ತಿಕೊಂಡಿತು. ಇವು ದೊಡ್ಡ ಕೆಲಸಗಳು. ಇವುಗಳ ಜೊತೆಗೆ ಚಿಕ್ಕದೊಂದು ಕೆಲಸ ನಡೆಯಬೇಕು: ಹೊರನಾಡಿನ ಸಂಶೋಧಕಿಯೊಬ್ಬಳು ಒಂದು ಪ್ರತಿಯ ವಿಷಯ ಕೇಳಿ ಪತ್ರ ಬರೆದರೆ, ಉಂಟು ಅಥವಾ ಇಲ್ಲ ಎಂಬ ಉತ್ತರ ಒಂದು ತಿಂಗಳೊಳಗೆ ಹೋಗಬೇಕು. ಗಾಂಧಿನಗರದ ಬಳಿಯ ಕೋಬಾದಲ್ಲಿರುವ ಕೈಲಾಸಸಾಗರಸೂರಿ ಜ್ಞಾನಮಂದಿರವು ಅಪಾರ ಹಸ್ತಪ್ರತಿಗಳನ್ನು ಕೂಡಿಸಿ, ಸೂಚಿ ಮಾಡಿ, ಕೇಳಿದ ವಿದ್ವಾಂಸರಿಗೆ ನೆರವಾಗುವುದರಲ್ಲಿ ಹೆಸರು ಪಡೆದಿದೆ. ಅದು ಶ್ವೇತಾಂಬರರದೆಂದು ದಿಗಂಬರರು ಕಲಿಯಲು ಹಿಂಜರಿಯಬೇಕಾಗಿಲ್ಲ.

ಕೊನೆಯದಾಗಿ, ಮನೆಯ ಕಪಾಟುಗಳು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕಾರ್ಕಳ, ಹುಬ್ಬಳ್ಳಿ, ಚಿಕ್ಕೋಡಿ ಕಡೆಗಳಿಂದ ಬಂದ ಅಧ್ಯಾಪಕರು, ಗುಮಾಸ್ತರು, ಹೋಟೆಲಿನವರು ತಮ್ಮ ಸಂಪಾದನೆಯಲ್ಲಿ ಉಳಿಸಿ ಕೊಂಡ ಕನ್ನಡ ಪುಸ್ತಕಗಳು ಈ ಊರಿನ ಫ್ಲ್ಯಾಟುಗಳಲ್ಲಿವೆ. ಸೊಲ್ಲಾಪುರದ ಜೀವರಾಜ ಗ್ರಂಥಮಾಲೆಯ ಸಂಪುಟಗಳು, ಮರುಮುದ್ರಣವಾಗದ ಕಾವ್ಯಗಳು, ಮಸ್ತಕಾಭಿಷೇಕದ ಸ್ಮರಣ ಸಂಚಿಕೆಗಳು. ಹಿರಿಯರು ತೀರಿಕೊಂಡ ವರ್ಷದೊಳಗೆ ಕನ್ನಡ ಓದಲು ಬಾರದ ಮೊಮ್ಮಕ್ಕಳು ಅವನ್ನು ರದ್ದಿಯವನಿಗೆ ತೂಕಕ್ಕೆ ಹಾಕುತ್ತಾರೆ. ಅದರಲ್ಲಿ ಮಕ್ಕಳ ತಪ್ಪಿಲ್ಲ. ಯಾರೂ ಅವರಿಗೆ ಹೇಳಿರುವುದಿಲ್ಲ. ಹಿರಿಯರು ಬದುಕಿರುವಾಗಲೇ ಒಂದು ಭಾನುವಾರ ಕುಳಿತು, ಮೊಬೈಲಿನಲ್ಲಿ ಪ್ರತಿ ಪುಸ್ತಕದ ಶೀರ್ಷಿಕೆಯ ಪುಟದ ಚಿತ್ರ ತೆಗೆದು, ಹೆಸರು, ಲೇಖಕ, ಪ್ರಕಾಶಕ, ವರ್ಷಗಳ ಪಟ್ಟಿ ಮಾಡಿಡಬೇಕು. ಪಟ್ಟಿಯಿಲ್ಲದೆ ಮೂಟೆ ಕಟ್ಟಿ ತಂದ ಪುಸ್ತಕಗಳನ್ನು ಯಾವ ಗ್ರಂಥಾಲಯವೂ ಸುಲಭವಾಗಿ ಸ್ವೀಕರಿಸುವುದಿಲ್ಲ. ಪಟ್ಟಿ ಮುಂದಿಟ್ಟರೆ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನೋ, ಮಾಟುಂಗದ ಮೈಸೂರು ಅಸೋಸಿಯೇಷನ್ನನ್ನೋ, ಊರಿನ ಕಾಲೇಜನ್ನೋ ಯಾವುದು ಬೇಕೆಂದು ಕೇಳಬಹುದು. ಲೇಖಕರು ತೀರಿ ಅರವತ್ತು ವರ್ಷ ಕಳೆದ ಕೃತಿಗಳಾದರೆ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡಲು ಕಾನೂನಿನ ತೊಡಕಿಲ್ಲ. ಈ ಸಭೆ ಮುಗಿದ ಮೇಲೆ ಪ್ರವೇಶದ್ವಾರದ ಮೇಜಿನ ಮೇಲೆ ಒಂದು ಪುಸ್ತಕ ಇರುತ್ತದೆ. ಮನೆಯಲ್ಲಿ ಅಂಥ ಸಂಗ್ರಹವುಳ್ಳವರು ಹೆಸರು, ಬಡಾವಣೆ ಮತ್ತು ಪುಸ್ತಕಗಳ ಅಂದಾಜು ಸಂಖ್ಯೆಯನ್ನು ಅದರಲ್ಲಿ ಬರೆಯಬಹುದು. ಪಟ್ಟಿ ಮಾಡಲು ರಜೆಯ ದಿನಗಳಲ್ಲಿ ಮನೆಗೆ ಬರಲು ಸಿದ್ಧರಿರುವ ವಿದ್ಯಾರ್ಥಿಗಳಿಗೆ ಎದುರಿನ ಪುಟವನ್ನು ಖಾಲಿ ಬಿಡಲಾಗಿದೆ.